ಫೇಲ್‌ಟುಬ್ಯಾನ್‌ನಿಂದಲೇ ಸರ್ವರ್ ಸುಸ್ತಾಗ್ತಿದೆ, ತೆಗೆದುಬಿಡಲಾ?

ಪ್ರಶ್ನೆ: 1 ಜಿಬಿ ರ‍್ಯಾಮ್ ಇರುವ ಸಣ್ಣ ಮೇಲ್ ಸರ್ವರ್ ನಡೆಸುತ್ತಿದ್ದೇನೆ. ಮೇಲ್ ಕಳಿಸಲು-ಪಡೆಯಲು ಪೋಸ್ಟ್‌ಫಿಕ್ಸ್, ಬಂದ ಮೇಲ್ ತೆರೆದು ಓದಲು ಡವ್‌ಕಾಟ್ ಇದೆ. ಪಾಸ್‌ವರ್ಡ್ ಊಹಿಸುವ ಬಾಟ್‌ಗಳ ಕಾಟ ತಡೆಯಲಾರದೆ ಫೇಲ್‌ಟುಬ್ಯಾನ್ (ಲಾಗ್ ಓದಿ, ಮತ್ತೆ ಮತ್ತೆ ಲಾಗಿನ್ ತಪ್ಪುವ ಐಪಿ ವಿಳಾಸಗಳನ್ನು ತಡೆಹಿಡಿಯುವ ತಂತ್ರಾಂಶ) ಹಾಕಿ, ಬ್ಯಾನ್ ಅವಧಿ ಒಂದು ತಿಂಗಳು ಇಟ್ಟೆ. ಈಗ ಸಿಪಿಯು ಮೇಲೇರುತ್ತಿದೆ, ರೀಸ್ಟಾರ್ಟ್ ಮಾಡಿದರೆ ಎದ್ದೇಳುವುದೇ ಇಲ್ಲ. ತೆಗೆದುಬಿಡಲಾ?

ಉತ್ತರ: ತೆಗೆಯಬೇಡಿ. ಅದು ಬ್ಯಾನ್ ಮಾಡುವ ರೀತಿ ಬದಲಿಸಿ, ಅದು ಓದುವ ಲಾಗ್ (ಸರ್ವರ್ ಬರೆದಿಡುವ ಘಟನೆಗಳ ದಾಖಲೆ) ಕಡಿಮೆ ಮಾಡಿ, ಅಷ್ಟೇ.

ಮೊದಲು ರೀಸ್ಟಾರ್ಟ್ ವಿಷಯ. ಫೇಲ್‌ಟುಬ್ಯಾನ್ ಬ್ಯಾನ್‌ಗಳನ್ನು ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ ಫೈಲಿನಲ್ಲಿ ಇಟ್ಟುಕೊಂಡು, ಮತ್ತೆ ಶುರುವಾದಾಗ ಒಂದೊಂದು ಐಪಿಗೂ ಐಪಿಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್) ಕಮಾಂಡ್ ಓಡಿಸುತ್ತದೆ. ತಿಂಗಳಿಡೀ ಗುಡ್ಡೆ ಬಿದ್ದ ಸಾವಿರಾರು ಐಪಿ ಇದ್ದರೆ ಹೊತ್ತು ಹಿಡಿಯದೇ ಇರುತ್ತಾ? ಅದಕ್ಕಿಂತ ಬೇಜಾರಿನ ಸಂಗತಿ ಇನ್ನೊಂದಿದೆ: ಸಾಮಾನ್ಯ ಐಪಿಟೇಬಲ್ಸ್ ಆ ಐಪಿಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಒಂದೊಂದಾಗಿ ನೋಡುತ್ತದೆ, ಹಾಗಾಗಿ ಯಾವ ತಪ್ಪೂ ಮಾಡದ ನಿಮ್ಮ ಬಳಕೆದಾರರ ಮೇಲ್ ಪ್ಯಾಕೆಟ್ ಕೂಡ ಪ್ರತಿ ಸಲ ಇಡೀ ಪಟ್ಟಿ ದಾಟಿಯೇ ಒಳಗೆ ಬರಬೇಕು. ಐಪಿಸೆಟ್ (ಐಪಿಗಳನ್ನು ಒಂದೇ ಗುಂಪಾಗಿ ಇಡುವ ಸಾಧನ) ಬಳಸುವ ಬ್ಯಾನ್‌ಆಕ್ಷನ್‌ಗೆ, ಅಂದರೆ ಹೇಗೆ ಬ್ಯಾನ್ ಮಾಡಬೇಕೆಂದು ಹೇಳುವ ಸೆಟ್ಟಿಂಗ್‌ಗೆ, ಬದಲಾಯಿಸಿ. ಅದು ಹ್ಯಾಶ್, ಅಂದರೆ ಪಟ್ಟಿ ಪೂರ್ತಿ ನೋಡದೆ ನೇರವಾಗಿ ಹುಡುಕುತ್ತದೆ; ಹತ್ತು ಐಪಿ ಇದ್ದರೂ ಹತ್ತು ಸಾವಿರ ಇದ್ದರೂ ಹುಡುಕುವ ಕೆಲಸ ಹೆಚ್ಚುಕಡಿಮೆ ಒಂದೇ. ಐಪಿಟೇಬಲ್ಸ್‌ನ ಹೊಸ ಬದಲಿ ಎನ್‌ಎಫ್‌ಟೇಬಲ್ಸ್ ಇದ್ದರೆ ಅದರ ಸೆಟ್ ಇದೇ ಕೆಲಸ ಮಾಡುತ್ತದೆ. ತಿಂಗಳ ಬ್ಯಾನ್ ಕೂಡ ಬೇಡ. ಫೇಲ್‌ಟುಬ್ಯಾನ್‌ನ 0.11 ಆವೃತ್ತಿಯಿಂದ ಬ್ಯಾನ್‌ಟೈಮ್ ಇಂಕ್ರಿಮೆಂಟ್ ಎಂಬ ಸೆಟ್ಟಿಂಗ್ ಇದೆ, ಮತ್ತೆ ಮತ್ತೆ ಬರುವವನಿಗೆ ಮಾತ್ರ ಅವಧಿ ಬೆಳೆಯುತ್ತಾ ಹೋಗುತ್ತದೆ.

ಸಿಪಿಯು ಹೆಚ್ಚಾಗಿ ತಿನ್ನುವುದು ಬ್ಯಾನ್ ಅಲ್ಲ, ಲಾಗ್ ಓದು. ಫೇಲ್‌ಟುಬ್ಯಾನ್ ಪೈಥಾನ್‌ನಲ್ಲಿದೆ, ಮತ್ತು ಮೇಲ್ ಲಾಗ್‌ಗೆ ಬೀಳುವ ಪ್ರತಿ ಸಾಲನ್ನೂ, ಸರಿಯಾಗಿ ತಲುಪಿದ ಮೇಲ್‌ನ ಸಾಲನ್ನೂ ಸೇರಿಸಿ, ರೆಜೆಕ್ಸ್‌ಗೆ (ಪಠ್ಯ ಹುಡುಕುವ ಮಾದರಿಗೆ) ಹಚ್ಚಿ ನೋಡುತ್ತದೆ. ಒಂದೇ ಮೇಲ್ ಲಾಗನ್ನು ಮೂರು ಜೈಲ್ (ಒಂದೊಂದು ಸೇವೆಯನ್ನು ಕಾಯುವ ಫೇಲ್‌ಟುಬ್ಯಾನ್ ನಿಯಮದ ಗುಂಪು) ಕಾಯುತ್ತಿದ್ದರೆ ಅದೇ ಸಾಲು ಮೂರು ಸಲ. ಸಣ್ಣಸಣ್ಣ ವಿವರವನ್ನೂ ಬರೆದಿಡುವ ಡವ್‌ಕಾಟ್‌ನ ಡಿಬಗ್ ಲಾಗಿಂಗ್ ಎಂದೋ ಆನ್ ಮಾಡಿ ಮರೆತಿದ್ದೀರಾ ನೋಡಿ, ಇದು ತುಂಬಾ ಜನರ ಕೈಯಲ್ಲಿ ಆಗುತ್ತದೆ. ಫೇಲ್‌ಟುಬ್ಯಾನ್‌ನ ಬ್ಯಾಕೆಂಡ್ ಪೋಲಿಂಗ್ (ಲಾಗ್ ಬದಲಾಗಿದೆಯೇ ಎಂದು ಪದೇ ಪದೇ ಇಣುಕುವ ರೀತಿ) ಅಂತ ಇದ್ದರೆ ಅದನ್ನೂ ಬದಲಿಸಿ.

ಎಲ್ಲಕ್ಕಿಂತ ಜಾಸ್ತಿ ಫಲ ಕೊಡುವುದು ಇದು: ಬೇರೆ ಸರ್ವರ್‌ಗಳಿಂದ ಮೇಲ್ ಬರುವ 25ನೇ ಪೋರ್ಟ್‌ನಲ್ಲಿ ಲಾಗಿನ್ ಸೌಲಭ್ಯವನ್ನೇ ನಿಲ್ಲಿಸಿ, ಬಳಕೆದಾರರು ಮೇಲ್ ಕಳಿಸುವ 587 ಮತ್ತು 465ರಲ್ಲಿ ಮಾತ್ರ ಇಡಿ. 25ಕ್ಕೆ ಬರುವ ಬಾಟ್‌ಗೆ ಪಾಸ್‌ವರ್ಡ್ ಪ್ರಯತ್ನಿಸಲು ಬಾಗಿಲೇ ಇರುವುದಿಲ್ಲ. ನಿಮ್ಮ ಬಳಕೆದಾರರ ಫೋನ್‌ಗಳು 25ರಲ್ಲಿ ಸೆಟ್ ಆಗಿಲ್ಲ ಅಂತ ಮೊದಲೇ ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ಅವರ ಮೇಲ್ ಹೋಗುವುದು ನಿಲ್ಲುತ್ತದೆ.

ಮೆಮೊರಿ ಬಗ್ಗೆ ಗಾಬರಿ ಬೇಡ. ಟಾಪ್ ಕಮಾಂಡ್‌ನಲ್ಲಿ ಫೇಲ್‌ಟುಬ್ಯಾನ್‌ನ ವರ್ಚುವಲ್ ಅಂಕಿ ದೊಡ್ಡದಾಗಿ ಕಾಣುವುದು ಅದರ ಪ್ರತಿ ಥ್ರೆಡ್‌ಗೂ (ಒಟ್ಟಿಗೆ ನಡೆಯುವ ಕೆಲಸದ ಎಳೆಗೂ) ಸ್ಟ್ಯಾಕ್ ಜಾಗ ಕಾದಿರಿಸುವುದರಿಂದ. ನಿಜವಾಗಿ ಬಳಕೆಯಲ್ಲಿರುವ ರ‍್ಯಾಮ್ ತೋರಿಸುವ ರೆಸಿಡೆಂಟ್ ಅಂಕಿ ಮಾತ್ರ ನೋಡಿ.