ಅಕ್ಕಿ ತೀರಿದಾಗ ಯಾರ ಮನೆಗೆ ಹೋಗುತ್ತೀರಿ?

ಮಾನ್ಯರೇ,

ಸಮಾಜಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿಯಾದ ನೀವು, ಮನುಷ್ಯರನ್ನು ಚುಕ್ಕಿಗಳಾಗಿ, ಅವರ ನಂಟನ್ನು ಗೆರೆಗಳಾಗಿ ಬರೆದು ಲೆಕ್ಕ ಹಾಕುವ ಜಾಲ ದತ್ತಾಂಶ ವಿಜ್ಞಾನವು ಊರಿನ ಹಿರಿಯರಿಗೆ ಗೊತ್ತಿರುವುದನ್ನೇ ಗಣಿತದಲ್ಲಿ ಹೇಳುತ್ತದೆಯಲ್ಲವೇ ಎಂದು ಕೇಳಿದ್ದೀರಿ. ನೀವೇ ಒಂದು ಹಳ್ಳಿಯಲ್ಲಿ ಇಂಥ ಅಧ್ಯಯನ ನಡೆಸಲಿರುವುದರಿಂದ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ ಮತ್ತು ಮ್ಯಾಥ್ಯೂ ಜಾಕ್ಸನ್ ಅವರ ತಂಡ 2006ರಲ್ಲಿ ದಕ್ಷಿಣ ಕರ್ನಾಟಕದ 75 ಹಳ್ಳಿಗಳಲ್ಲಿ, ಅಕ್ಕಿಯೋ ಸೀಮೆಎಣ್ಣೆಯೋ ತೀರಿದರೆ ಯಾರನ್ನು ಕೇಳುತ್ತೀರಿ, ಯಾರ ಮನೆಗೆ ಹೋಗಿಬರುತ್ತೀರಿ, ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತೀರಿ ಎಂಬಂಥ ಪ್ರಶ್ನೆಗಳಿಂದ ನಂಟಿನ ನಕ್ಷೆ ತಯಾರಿಸಿತು. ಬಳಿಕ ಅವುಗಳಲ್ಲಿ 43 ಹಳ್ಳಿಗಳಿಗೆ ಕಿರುಸಾಲ ಒಯ್ದ ಸಂಸ್ಥೆಯೊಂದು ಶಿಕ್ಷಕರು, ಅಂಗಡಿಯವರು, ಸ್ವಸಹಾಯ ಸಂಘದ ಮುಂದಾಳುಗಳಿಗೆ ಮೊದಲು ಸುದ್ದಿ ತಿಳಿಸಿತು. ಆ ಮೊದಲಿಗರು ಜಾಲದ ನಡುವಿನಲ್ಲಿದ್ದ ಊರುಗಳಲ್ಲಿ ಸಾಲಕ್ಕೆ ಸೇರಿದವರು ಹೆಚ್ಚು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 2013ರಲ್ಲಿ ಪ್ರಕಟವಾದ ಇನ್ನೊಂದು ಅಂಶ: ಸಾಲ ಪಡೆದವರು ಸುದ್ದಿ ದಾಟಿಸುವ ಸಾಧ್ಯತೆ ಪಡೆಯದವರಿಗಿಂತ ಏಳು ಪಟ್ಟು ಇದ್ದರೂ, ಒಟ್ಟು ಸೇರ್ಪಡೆಯ ಸುಮಾರು ಮೂರನೇ ಒಂದು ಭಾಗಕ್ಕೆ ಸಾಲವನ್ನೇ ಪಡೆಯದವರ ಬಾಯಿಮಾತು ಕಾರಣವಾಗಿತ್ತು. ವಿಷಯ ತಿಳಿದ ಮೇಲೆ, ನೆರೆಯವರು ಸೇರಿದ್ದಾರೆಯೇ ಎಂಬುದು ವ್ಯಕ್ತಿಯ ತೀರ್ಮಾನವನ್ನು ಗಣನೀಯವಾಗಿ ಬದಲಿಸಲಿಲ್ಲ. ಸುದ್ದಿ ಹರಡುವುದನ್ನೂ ಅನುಕರಣೆಯನ್ನೂ ಹೀಗೆ ಬಿಡಿಸಿ ನೋಡುವುದು ಬರಿಗಣ್ಣಿಗೆ ಆಗದ ಕೆಲಸ.

ಹಿರಿಯರ ಬಗೆಗಿನ ನಿಮ್ಮ ಮಾತನ್ನೂ ಈ ತಂಡ ಪರೀಕ್ಷಿಸಿದೆ. ಕರ್ನಾಟಕದ 213 ಹಳ್ಳಿಗಳಲ್ಲಿ ಉಚಿತ ಕರೆಯೊಂದರ ಮೂಲಕ ಬಹುಮಾನದ ಯೋಜನೆಗೆ ಸೇರುವ ಸುದ್ದಿಯನ್ನು ಕೆಲವೆಡೆ ಗೌರವಾನ್ವಿತ ಹಿರಿಯರಿಗೂ, ಕೆಲವೆಡೆ ಸುದ್ದಿ ಹಬ್ಬಿಸಲು ತಕ್ಕವರೆಂದು ಊರವರೇ ಹೆಸರಿಸಿದವರಿಗೂ ತಿಳಿಸಿದಾಗ, ಊರವರು ಹೆಸರಿಸಿದವರ ಮೂಲಕವೇ ಅದು ಹೆಚ್ಚು ಹರಡಿತು. ಊರಿಗೆ ತನ್ನ ಜಾಲ ಗೊತ್ತಿದೆ ಎಂಬ ಮಟ್ಟಿಗೆ ನಿಮ್ಮ ಊಹೆ ಸರಿ. ಆ ತಿಳಿವಳಿಕೆಯನ್ನು ಹಿರಿಯರಿಗಷ್ಟೇ ಸೀಮಿತಗೊಳಿಸುವುದು ಸರಿಯಲ್ಲ.

ಎಚ್ಚರಿಕೆಯೊಂದು ಅಗತ್ಯ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನ 12,067 ಜನರ ಮಾಹಿತಿಯಿಂದ ಬೊಜ್ಜು ಗೆಳೆತನದ ಮೂಲಕ ಹರಡುತ್ತದೆಂದು 2007ರಲ್ಲಿ ವಾದಿಸಲಾಯಿತು. ಅದೇ ಬಗೆಯ ವಿಶ್ಲೇಷಣೆಯಲ್ಲಿ ಮೊಡವೆ, ತಲೆನೋವು, ಕೊನೆಗೆ ಎತ್ತರವೂ ಗೆಳೆಯರಿಂದ ‘ಅಂಟುವಂತೆ’ ಕಾಣುತ್ತದೆಂದು ಮರುವರ್ಷವೇ ಇಬ್ಬರು ಸಂಶೋಧಕರು ತೋರಿಸಿದರು. ಒಂದೇ ಬಗೆಯವರು ಗೆಳೆಯರಾಗುತ್ತಾರೆ, ಒಂದೇ ಪರಿಸರದಲ್ಲಿ ಬದುಕುತ್ತಾರೆ. ಒಮ್ಮೆ ಮಾತ್ರ ತೆಗೆದ ನಕ್ಷೆ ಇದನ್ನು ಪ್ರಭಾವದಿಂದ ಬೇರ್ಪಡಿಸಲಾರದು.

ನಿಮ್ಮ ಅಧ್ಯಯನದಲ್ಲಿ ಸಾಧ್ಯವಾದರೆ ಎಲ್ಲ ಮನೆಗಳನ್ನೂ ಕೇಳಿ. ಅರ್ಧ ಮನೆಗಳನ್ನು ಬಿಟ್ಟರೆ ಅವುಗಳ ನಡುವಿನ ಗೆರೆಗಳೆಲ್ಲ ಕಾಣೆಯಾಗಿ, ಊರಿನ ನಡುವಿರುವವಳೂ ಅಂಚಿನವಳಾಗಿ ತೋರಬಹುದು. ಉತ್ತರಿಸಲು ಒಪ್ಪದವರ ಹೆಸರನ್ನೂ ನೆರೆಯವರು ಹೇಳಿಯೇ ಹೇಳುತ್ತಾರೆ; ಅಂಥವರನ್ನು ನಕ್ಷೆಯಲ್ಲಿ ಉಳಿಸಬೇಕೇ ಎಂಬುದನ್ನು ಕ್ಷೇತ್ರಕ್ಕೆ ಇಳಿಯುವ ಮೊದಲೇ ನಿರ್ಧರಿಸಿ. ಹೆಸರಿನ ಬದಲು ಸಂಖ್ಯೆ ಬರೆದರೂ, ಅತಿ ಹೆಚ್ಚು ಗೆರೆಗಳು ಸೇರುವ ಚುಕ್ಕಿ ಯಾರದೆಂದು ಚಿಕ್ಕ ಊರಿನಲ್ಲಿ ಯಾರು ಬೇಕಾದರೂ ಗುರುತಿಸಬಲ್ಲರು.

- ಸಂಪಾದಕ