ಓದುಗರ ಪ್ರಶ್ನೆ, ನಮ್ಮ ಉತ್ತರ: ಪರದೇಶದಲ್ಲಿ ನಿವೃತ್ತಿ, ಊರಿನಲ್ಲಿ ಮನೆ–ತೋಟ

ಈ ಸಂಚಿಕೆಗೆ ಆಯ್ದುಕೊಂಡಿರುವ ಪತ್ರಗಳೆಲ್ಲ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ನಿವೃತ್ತರಿಂದ ಬಂದವು; ಎಲ್ಲರೂ ಈಗ ಮಕ್ಕಳೊಂದಿಗೆ ಬೇರೆ ದೇಶಗಳಲ್ಲಿದ್ದಾರೆ. ಅವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ನಾನು ಬೇಲೂರು ತಾಲ್ಲೂಕಿನವನು, ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದೆ. ಹಾಸನದಲ್ಲಿ ಸ್ವಂತ ಮನೆಯಿದೆ, ಅರೇಹಳ್ಳಿಯ ಬಳಿ ಮೂರು ಎಕರೆ ಕಾಫಿ ತೋಟವಿದೆ. ಎರಡು ವರ್ಷದಿಂದ ನಾನೂ ನನ್ನ ಪತ್ನಿಯೂ ಕೆನಡಾದ ಟೊರಾಂಟೊ ಸಮೀಪ ಮಗನ ಮನೆಯಲ್ಲಿ ಸೂಪರ್ ವೀಸಾದ ಮೇಲೆ ಇದ್ದೇವೆ. ಮಗ, ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಮುಂಚೆಯೇ ಕತ್ತಲಾಗುತ್ತದೆ. ಅಂಗಡಿಗೆ ಹೋಗಬೇಕೆಂದರೂ ಮಗನ ಕಾರಿಗೆ ಕಾಯಬೇಕು. ಪತ್ನಿಗೆ ಮೊಮ್ಮಕ್ಕಳನ್ನು ಬಿಟ್ಟು ಬರಲು ಮನಸ್ಸಿಲ್ಲ. "ನೋಡಿಕೊಳ್ಳುವವರಿಲ್ಲದ ಮನೆ, ತೋಟ ಏಕೆ? ಮಾರಿ ನಿಶ್ಚಿಂತೆಯಾಗಿರಿ" ಎಂದು ಮಗ ಹೇಳುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಈಗ ಮಾರಬೇಡಿ. ಮಗನ ಮಾತಿನಲ್ಲಿ ಕಾಳಜಿಯಿದೆ, ಅದರಲ್ಲಿ ಸಂಶಯ ಪಡುವಂಥದ್ದೇನೂ ಇಲ್ಲ. ಆದರೆ ನೀವು ಯಾವ ನೆಲೆಯ ಮೇಲೆ ಅಲ್ಲಿದ್ದೀರಿ ಎಂಬುದನ್ನು ಮೊದಲು ನೋಡಬೇಕು. ಸೂಪರ್ ವೀಸಾ ಎಂಬುದು ತಂದೆತಾಯಿ, ಅಜ್ಜ ಅಜ್ಜಿಯರಿಗೆ ಕೊಡುವ ಸಂದರ್ಶಕ ವೀಸಾ. ಒಮ್ಮೆ ಪ್ರವೇಶಿಸಿದರೆ ಐದು ವರ್ಷಗಳವರೆಗೆ ಇರಲು ಅವಕಾಶವಿದ್ದರೂ ಅದು ಕಾಯಂ ನಿವಾಸದ ಹಕ್ಕಲ್ಲ. ಅಲ್ಲಿನ ಪ್ರಾಂತೀಯ ಸರ್ಕಾರದ ಆರೋಗ್ಯ ಯೋಜನೆಯೂ ಸಂದರ್ಶಕರಿಗೆ ಅನ್ವಯಿಸುವುದಿಲ್ಲ. ಅದಕ್ಕಾಗಿಯೇ ಕನಿಷ್ಠ 1,00,000 ಕೆನಡಾ ಡಾಲರಿನ ವೈದ್ಯಕೀಯ ವಿಮೆಯನ್ನು ವೀಸಾದ ಜೊತೆಗೇ ಕೇಳುತ್ತಾರೆ, ಮತ್ತು ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಬಹುತೇಕ ಪಾಲಿಸಿಗಳು ನಿಬಂಧನೆ ಹಾಕುತ್ತವೆ. ನಾಳೆ ನಿಯಮ ಬದಲಾಗಬಹುದು, ಮಗನ ಉದ್ಯೋಗ ಬದಲಾಗಬಹುದು, ದೊಡ್ಡ ಚಿಕಿತ್ಸೆಯೊಂದು ಬೇಕಾಗಬಹುದು. ಅಂಥ ಹೊತ್ತಿನಲ್ಲಿ ಹಿಂದಿರುಗಿ ಬಾಗಿಲು ತೆರೆಯಲು ಒಂದು ಮನೆ ಇರಲೇಬೇಕು.

ತೋಟದ ವಿಷಯದಲ್ಲಿ ಇನ್ನೂ ಗಟ್ಟಿಯಾದ ಕಾರಣವಿದೆ. ನೀವು ಭಾರತದ ನಿವಾಸಿಯಾಗಿದ್ದಾಗ ಕೊಂಡ ಅಥವಾ ಪಿತ್ರಾರ್ಜಿತವಾಗಿ ಬಂದ ಜಮೀನನ್ನು ಅನಿವಾಸಿಯಾದ ಮೇಲೂ ಇಟ್ಟುಕೊಳ್ಳಲು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ ಅವಕಾಶ ಕೊಡುತ್ತದೆ. ಆದರೆ ಅನಿವಾಸಿಯಾಗಿರುವಷ್ಟು ಕಾಲ ಹೊಸದಾಗಿ ಕೃಷಿ ಜಮೀನು, ಪ್ಲಾಂಟೇಶನ್ ಅಥವಾ ತೋಟದ ಮನೆಯನ್ನು ಕೊಳ್ಳುವಂತಿಲ್ಲ. ಪಟ್ಟಣದ ಮನೆಯನ್ನಾದರೆ ಮತ್ತೆ ಕೊಳ್ಳಬಹುದು, ಅರೇಹಳ್ಳಿಯ ತೋಟವನ್ನು ಹಾಗೆ ಕೊಳ್ಳಲಾಗದು. ಮಾರುವ ಒಂದು ಸಹಿಯಿಂದ ಕೈಬಿಡುವ ಹಕ್ಕನ್ನು ಮರಳಿ ಪಡೆಯಬೇಕಾದರೆ ಶಾಶ್ವತವಾಗಿ ಊರಿಗೇ ಬಂದು ನೆಲೆಸಬೇಕಾಗುತ್ತದೆ ಎಂಬುದನ್ನು ಮಗನಿಗೆ ಬಿಡಿಸಿ ಹೇಳಿ. ಬಹುಶಃ ಅವರಿಗೆ ಈ ವಿಷಯ ತಿಳಿದಿರಲಾರದು.

ಹಾಗಾದರೆ ನೋಡಿಕೊಳ್ಳುವವರು ಯಾರು? ಮೂರು ಎಕರೆಗೆ ಪೂರ್ಣಾವಧಿಯ ರೈಟರ್, ಅಂದರೆ ತೋಟದ ಮೇಲ್ವಿಚಾರಕರನ್ನು, ಇಟ್ಟುಕೊಂಡರೆ ಸಂಬಳಕ್ಕೂ ಫಸಲಿಗೂ ತಾಳೆಯಾಗುವುದಿಲ್ಲ. ಪಕ್ಕದ ತೋಟದವರಲ್ಲಿ ನಂಬಿಕಸ್ಥರೊಬ್ಬರಿಗೆ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು), ಗೊಬ್ಬರ, ಕಳೆಯ ಕೆಲಸ ಒಪ್ಪಿಸಿ, ಫಸಲನ್ನು ಬರಹದ ಕರಾರಿನ ಮೇಲೆ ವರ್ಷಕ್ಕೊಮ್ಮೆ ಗುತ್ತಿಗೆಗೆ ಕೊಡುವುದು ನಮ್ಮ ಕಡೆ ನಡೆದುಬಂದ ದಾರಿ. ಯಾರಿಗೇ ಒಪ್ಪಿಸಿದರೂ ಸಂಪೂರ್ಣ ಅಧಿಕಾರದ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಬರೆದುಕೊಡಬೇಡಿ. ತೆರಿಗೆ ಕಟ್ಟುವುದು, ಕಚೇರಿಗಳಲ್ಲಿ ಅರ್ಜಿ ಸಲ್ಲಿಸುವುದು, ಫಸಲು ಮಾರುವುದು, ಇಷ್ಟಕ್ಕೆ ಸೀಮಿತವಾದ ಅಧಿಕಾರ ಪತ್ರ ಸಾಕು. ಜಮೀನು ಮಾರುವ, ಅಡವಿಡುವ ಅಧಿಕಾರ ಅದರಲ್ಲಿ ಇರಕೂಡದು. ಟೊರಾಂಟೊದ ಭಾರತೀಯ ಕಾನ್ಸುಲೇಟಿನಲ್ಲಿ ಅದನ್ನು ದೃಢೀಕರಿಸಿ ಕಳಿಸಿದರೆ, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಾಜ್ಯ ಸರ್ಕಾರದ ಭೂದಾಖಲೆಗಳ ‘ಭೂಮಿ’ ಜಾಲತಾಣದಲ್ಲಿ ನಿಮ್ಮ ಸರ್ವೆ ನಂಬರಿನ ಪಹಣಿ ತೆರೆದು ನೋಡುವ ಅಭ್ಯಾಸವಿರಲಿ. 9ನೇ ಕಾಲಂನಲ್ಲಿ ಸ್ವಾಧೀನದಾರರಾಗಿ ನಿಮ್ಮ ಹೆಸರೇ ಇದೆಯೇ, 11ನೇ ಕಾಲಂನಲ್ಲಿ ನಿಮಗೆ ಗೊತ್ತಿಲ್ಲದ ಸಾಲ ಅಥವಾ ಹಕ್ಕು ಸೇರಿದೆಯೇ, 12ನೇ ಕಾಲಂನಲ್ಲಿ ಸಾಗುವಳಿದಾರರೆಂದು ಬೇರೆ ಯಾರದಾದರೂ ಹೆಸರು ಬಂದಿದೆಯೇ ಎಂದು ನೋಡಿಕೊಳ್ಳಿ. ಟೊರಾಂಟೊದಲ್ಲಿ ಕುಳಿತೇ ಮಾಡಬಹುದಾದ ಈ ಕೆಲಸವನ್ನು ಯಾರೂ ಅಸಡ್ಡೆ ಮಾಡಬಾರದು.

ಇನ್ನು ನಿಮ್ಮ ಮತ್ತು ನಿಮ್ಮ ಪತ್ನಿಯವರ ಮನಸ್ಸಿನ ಮಾತು. ಇಬ್ಬರಲ್ಲಿ ಒಬ್ಬರು ಸೋಲಲೇಬೇಕೆಂದೇನಿಲ್ಲ. ನಿಮ್ಮ ವೀಸಾದ ಮೇಲೆ ಹಲವು ಬಾರಿ ಹೋಗಿಬರಬಹುದು. ನವೆಂಬರಿನಲ್ಲಿ ಬಂದು ಮಾರ್ಚಿನವರೆಗೆ ಹಾಸನದಲ್ಲಿರಿ. ನಿಮ್ಮನ್ನು ಕಾಡುವ ಕತ್ತಲಿನ ತಿಂಗಳುಗಳು ಅವೇ ಅಲ್ಲವೇ? ಪಿಂಚಣಿಯ ಜೀವಿತ ಪ್ರಮಾಣಪತ್ರ ಕೊಡಬೇಕಾದದ್ದು ನವೆಂಬರಿನಲ್ಲಿ, ಅರೇಬಿಕಾ ಕೊಯ್ಲು ಶುರುವಾಗುವುದೂ ಆಗಲೇ. ರೊಬಸ್ಟಾ ಇದ್ದರೆ ಜನವರಿಯಿಂದ ಕೊಯ್ಲು, ಅದು ಮುಗಿಯುವ ಹೊತ್ತಿಗೆ ಕಾಫಿ ಗಿಡ ಹೂಬಿಡಲು ಬೇಕಾದ ಹೂ ಮಳೆ ಬಂತೋ ಇಲ್ಲವೋ ಎಂಬುದನ್ನು ಕಣ್ಣಾರೆ ಕಂಡು ಹೊರಡಬಹುದು. ಪತ್ನಿಯವರು ಆ ಐದು ತಿಂಗಳಲ್ಲಿ ಎಷ್ಟು ದಿನ ಜೊತೆಗಿರುತ್ತಾರೋ ಅದನ್ನು ಅವರೇ ನಿರ್ಧರಿಸಲಿ. ಅಲ್ಲಿರುವ ತಿಂಗಳುಗಳಲ್ಲಿ ಬಸ್ಸಿನ ದಾರಿಗಳನ್ನು ನೀವೇ ಕಲಿತುಕೊಳ್ಳಿ, ಮಗನ ಕಾರಿಗೆ ಕಾಯುವುದು ಕಡಿಮೆಯಾಗಲಿ. ಆ ಭಾಗದಲ್ಲಿ ಕನ್ನಡ ಸಂಘವಿದೆ; ಜೀವನವೆಲ್ಲ ಪಾಠ ಹೇಳಿದವರು ವಾರಕ್ಕೊಮ್ಮೆ ಮಕ್ಕಳಿಗೆ ಅಕ್ಷರ ಕಲಿಸಲು ಒಪ್ಪಿದರೆ ಅಲ್ಲಿನ ತಾಯ್ತಂದೆಯರು ಸಂತೋಷದಿಂದ ಕರೆದುಕೊಂಡು ಹೋಗುತ್ತಾರೆ.

ಬ್ಯಾಂಕಿನ ಒಂದು ಮಾತು ಉಳಿಯಿತು. ವರ್ಷಗಟ್ಟಲೆ ಹೊರಗೆ ಉಳಿಯುವವರು ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಪಿಂಚಣಿ ಅದಕ್ಕೇ ಜಮೆಯಾಗಬಹುದು. ಠೇವಣಿಯ ಬಡ್ಡಿಗೆ ಶೇ. 30ರ ದರದಲ್ಲಿ ಮತ್ತು ಅದರ ಮೇಲಿನ ಸೆಸ್ ಸೇರಿಸಿ ತೆರಿಗೆ ಮುರಿದುಕೊಳ್ಳುತ್ತಾರೆ; ತೆರಿಗೆ ಮುರಿಯಬೇಡಿ ಎಂದು ನಮೂನೆ ಬರೆದುಕೊಡಲು ನಿವಾಸಿ ಹಿರಿಯರಿಗಿರುವ ಸೌಲಭ್ಯ ಅನಿವಾಸಿಗಳಿಗಿಲ್ಲ. ಹೆಚ್ಚಾಗಿ ಕಡಿತವಾಗಿದ್ದರೆ ರಿಟರ್ನ್ ಸಲ್ಲಿಸಿ ಹಿಂಪಡೆಯಬಹುದು. ಎಷ್ಟೋ ಹಿರಿಯರು ಇದನ್ನು ತಿಳಿಯದೆ ಆ ಹಣವನ್ನು ಹಾಗೆಯೇ ಬಿಟ್ಟುಬಿಡುತ್ತಾರೆ.

ಪ್ರಶ್ನೆ: ಚಿಕ್ಕಮಗಳೂರಿನವಳು, ಯಜಮಾನರು ತೀರಿಕೊಂಡ ಮೇಲೆ ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದೇನೆ. ಊರಿನ ಮನೆ ನನ್ನ ಹೆಸರಿನಲ್ಲಿದೆ. ಅದನ್ನು ದಾನಪತ್ರ ಮಾಡಿಕೊಡು ಎಂದು ಮಗ ಕೇಳುತ್ತಿದ್ದಾನೆ. ಇಲ್ಲವೆಂದರೆ ನಂಬಿಕೆಯಿಲ್ಲ ಎಂದುಕೊಳ್ಳುತ್ತಾನೇನೋ ಎಂಬ ಅಳುಕು. ಕೈಖರ್ಚಿಗೆ ಹಣ ಕೇಳುವುದೂ ನನಗೆ ಸಂಕೋಚ.

ಉತ್ತರ: ತಾಯಿ, ಮನೆಯನ್ನು ಮಗನಿಗೇ ಸೇರಿಸುವ ಇಚ್ಛೆ ನಿಮಗಿದ್ದರೆ ಉಯಿಲು ಬರೆಯಿರಿ. ಇಬ್ಬರು ಸಾಕ್ಷಿಗಳ ಸಹಿ ಸಾಕು, ನೋಂದಣಿ ಕಡ್ಡಾಯವಲ್ಲ. ಆದರೂ ಊರಿಗೆ ಬಂದಾಗ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ತಕರಾರು ಕಡಿಮೆ. ಉಯಿಲನ್ನು ನೀವು ಬದುಕಿರುವವರೆಗೆ ಎಷ್ಟು ಬಾರಿಯಾದರೂ ಬದಲಿಸಬಹುದು, ದಾನಪತ್ರ ನೋಂದಣಿಯಾದ ದಿನವೇ ಮನೆ ನಿಮ್ಮದಾಗಿ ಉಳಿಯುವುದಿಲ್ಲ. ದಾನಪತ್ರವೇ ಆಗಬೇಕೆಂದು ಒತ್ತಾಯ ಬಂದರೆ, ನಿಮ್ಮ ಊಟ, ವಸತಿ, ಔಷಧದ ಹೊಣೆ ಮಗನದೆಂದೂ ಬದುಕಿರುವವರೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ನಿಮಗಿದೆಯೆಂದೂ ಪತ್ರದಲ್ಲೇ ಸ್ಪಷ್ಟವಾಗಿ ಬರೆಸಬೇಕು. ಅಂಥ ಷರತ್ತು ಇದ್ದು ಅದನ್ನು ಪಾಲಿಸದಿದ್ದರೆ, 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಮಿನಂತೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯ ಮುಂದೆ ದಾನವನ್ನು ರದ್ದುಮಾಡಿಸಬಹುದು. ಷರತ್ತು ಬರೆಯದೆ ಬಿಟ್ಟರೆ ಆ ದಾರಿ ಬಹಳ ಕಷ್ಟದ್ದಾಗುತ್ತದೆ.

ಇದನ್ನು ಮಗನಿಗೆ ಹೇಳುವಾಗ ಅಳುಕಬೇಡಿ. "ಮನೆ ನಿನಗೇ, ಕಾಗದ ನನ್ನ ಕಾಲಾನಂತರಕ್ಕೆ" ಎಂದರೆ ಸಾಕು. ಆ ಮನೆಯನ್ನು ಬಾಡಿಗೆಗೆ ಕೊಟ್ಟು, ಬಾಡಿಗೆಯನ್ನು ನಿಮ್ಮದೇ ಖಾತೆಗೆ ಬರುವಂತೆ ಮಾಡಿಕೊಳ್ಳಿ. ಮೊಮ್ಮಗುವಿಗೊಂದು ಅಂಗಿ ಕೊಳ್ಳಲು, ನಿಮ್ಮ ಕನ್ನಡಕ ಬದಲಿಸಲು ಯಾರನ್ನೂ ಕೇಳುವಂತಾಗಬಾರದು. ಬೆಳಗಿನಿಂದ ರಾತ್ರಿಯವರೆಗೆ ಮಗುವನ್ನು ನೋಡಿಕೊಳ್ಳುವ ನಿಮಗೆ ಆ ಮನೆಯಲ್ಲಿ ಯಾರ ಹಂಗೂ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಹೊರದೇಶದಲ್ಲಿರುವ ನನಗೆ ಬೆರಳಚ್ಚು ಸವೆದು ಜೀವನ್ ಪ್ರಮಾಣ್ (ಪಿಂಚಣಿದಾರರ ಡಿಜಿಟಲ್ ಜೀವಿತ ಪ್ರಮಾಣಪತ್ರ) ಆಗುತ್ತಿಲ್ಲ.

ಉತ್ತರ: 2021ರಿಂದ ಮುಖ ಗುರುತಿಸುವ ವಿಧಾನವಿದೆ; ಆಂಡ್ರಾಯ್ಡ್ ಮೊಬೈಲಿನಲ್ಲಿ ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್ ಆ್ಯಪ್ ಹಾಕಿಕೊಂಡು, ಒಳ್ಳೆಯ ಬೆಳಕಿನಲ್ಲಿ ಪ್ರಯತ್ನಿಸಿ. ಅದೂ ಆಗದಿದ್ದರೆ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನ ಅಧಿಕಾರಿಗಳ ಸಹಿಯಿರುವ ಪ್ರಮಾಣಪತ್ರವನ್ನು ಪಿಂಚಣಿ ಕೊಡುವ ಬ್ಯಾಂಕಿಗೆ ಕಳಿಸಿ.

ಪ್ರಶ್ನೆ: ಆಲೂರು ತಾಲ್ಲೂಕಿನ ನಾನು ಆಸ್ಟ್ರೇಲಿಯಾದಲ್ಲಿ ಮಗಳ ಜೊತೆಗಿದ್ದೇನೆ. ಕಾಡಾನೆ ಹಾವಳಿಯ ಬಗ್ಗೆ ಮಾತನಾಡಿದರೆ "ಅಲ್ಲಿ ಕೂತು ಹೇಳುವವರಿಗೇನು" ಎಂದು ಊರಿನವರು ಬಾಯಿ ಮುಚ್ಚಿಸುತ್ತಾರೆ. ನನಗೆ ಹಕ್ಕಿಲ್ಲವೇ?

ಉತ್ತರ: ಹಕ್ಕಿದೆ, ಜೊತೆಗೆ ಹೊಣೆಯೂ ಇದೆ. ಆಲೂರು, ಸಕಲೇಶಪುರ ಕಡೆ ಆನೆಗಳು ಹಗಲಿನಲ್ಲಿ ತೋಟಗಳ ಒಳಗೇ ಬೀಡುಬಿಡುತ್ತವೆ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಬರುವ ಆಳುಗಳು ನಿಮ್ಮ ತೋಟದ ದಾರಿಯಲ್ಲೇ ನಡೆದುಬರುತ್ತಾರೆ. ಆ ದಾರಿಯ ಇಕ್ಕೆಲದ ಪೊದೆ ಸವರಿಸಿದ್ದೀರಾ? ಆನೆಗಳ ಚಲನವಲನದ ಬಗ್ಗೆ ಅರಣ್ಯ ಇಲಾಖೆ ಮೊಬೈಲಿಗೆ ಕಳಿಸುವ ಸಂದೇಶಗಳು ನಿಮ್ಮ ಮೇಸ್ತ್ರಿಗೆ ತಲುಪುತ್ತಿವೆಯೇ? ಬೇಲಿಗೆ ನೇರವಾಗಿ ಕರೆಂಟು ಹರಿಸಬಾರದೆಂದು, ಅದು ಅಪರಾಧವೆಂದು, ತೋಟ ನೋಡಿಕೊಳ್ಳುವವರಿಗೆ ಖಡಾಖಂಡಿತವಾಗಿ ಹೇಳಿದ್ದೀರಾ? ಇಷ್ಟನ್ನು ಮಾಡಿ ಮಾತನಾಡಿದರೆ ಊರಿನವರು ಖಂಡಿತ ಕಿವಿಗೊಡುತ್ತಾರೆ.

ಭಾರತದ ಪೌರತ್ವ ಬಿಟ್ಟಿಲ್ಲವಾದರೆ ನಿಮಗೆ ಮತದಾನದ ಹಕ್ಕೂ ಇದೆ. ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ 6ಎ ನಮೂನೆಯ ಮೂಲಕ ಸಾಗರೋತ್ತರ ಮತದಾರರಾಗಿ ಹೆಸರು ಸೇರಿಸಿಕೊಳ್ಳಬಹುದು. ಮತ ಹಾಕಲು ಮಾತ್ರ ಖುದ್ದಾಗಿ ಮತಗಟ್ಟೆಗೆ ಬಂದು ಮೂಲ ಪಾಸ್‌ಪೋರ್ಟ್ ತೋರಿಸಬೇಕು, ಆದ್ದರಿಂದ ಊರಿಗೆ ಬರುವ ಟಿಕೆಟ್ ತೆಗೆಸುವಾಗ ಚುನಾವಣೆಯ ದಿನಾಂಕವನ್ನೂ ಗಮನದಲ್ಲಿಟ್ಟುಕೊಳ್ಳಿ.