ಲಾಕ್ ಹಿಡಿದುಕೊಂಡೇ ಎಸ್‌ಕೆಬಿ ಫ್ರೀ ಮಾಡಬಹುದಾ?

ನೀವು ಕೇಳಿದ್ದು ಇಷ್ಟು: ಲಿನಕ್ಸ್ ನೆಟ್‌ವರ್ಕ್ ಡ್ರೈವರ್ ನಿಲ್ಲಿಸುವಾಗ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ (ಆ ಸಿಪಿಯುನಲ್ಲಿ ಇಂಟರಪ್ಟ್, ಅಂದರೆ ಹಾರ್ಡ್‌ವೇರ್‌ನ ಕರೆ, ಆಫ್ ಮಾಡುವ ಲಾಕ್) ಹಿಡಿದು, ಕ್ಯೂನಲ್ಲಿರುವ ಎಸ್‌ಕೆಬಿಗಳನ್ನು (ಕರ್ನಲ್ ಪ್ಯಾಕೆಟ್ ಇಟ್ಟುಕೊಳ್ಳುವ ರಚನೆ) ಒಂದೊಂದಾಗಿ ಕೆಫ್ರೀ_ಎಸ್‌ಕೆಬಿ ಮಾಡುತ್ತಿದ್ದೀರಿ, ಅಂದರೆ ಅವುಗಳ ಮೆಮೊರಿ ಬಿಡುತ್ತಿದ್ದೀರಿ. ಒಮ್ಮೊಮ್ಮೆ ಮಾತ್ರ ವಾರ್ನಿಂಗ್ ಬರುತ್ತದೆ. ಯಾಕೆ?

ಆ 'ಒಮ್ಮೊಮ್ಮೆ'ಯಲ್ಲೇ ಉತ್ತರ ಇದೆ. ಎಸ್‌ಕೆಬಿ ಅಂದರೆ ಬರೀ ಮೆಮೊರಿ ತುಂಡಲ್ಲ. ಅದರ ಬೆನ್ನಿಗೆ ಸಾಕೆಟ್‌ನ ಲೆಕ್ಕ ಇರಬಹುದು, ಫೈರ್‌ವಾಲ್‌ನ ಕನೆಕ್ಷನ್ ಟ್ರ್ಯಾಕಿಂಗ್ ಇರಬಹುದು. ಅದನ್ನು ಬಳಸುತ್ತಿರುವ ಕೊನೆಯವರು ರೆಫರೆನ್ಸ್ ಬಿಟ್ಟಾಗ ಇವನ್ನೆಲ್ಲ ಬಿಡಿಸಬೇಕು. ಬಿಡಿಸುವ ಆ ಕೋಡ್ ಬೇರೆ ಲಾಕ್ ಹಿಡಿಯಬಹುದು, ಇಂಟರಪ್ಟ್ ಆನ್ ಇದೆ ಅಂತಲೇ ನಂಬಿಕೊಂಡಿರಬಹುದು. ಇಂಥದ್ದೇನೂ ಇಲ್ಲದ ಪ್ಯಾಕೆಟ್ ಸದ್ದಿಲ್ಲದೆ ಹೋಗಿಬಿಡುತ್ತದೆ. ಟೇಬಲ್ ಮೇಲೆ ಟೆಸ್ಟ್ ಪಾಸ್ ಆಗೋದು ಅದಕ್ಕೇ.

ಸುಲಭದ ದಾರಿ ಡೆವ್_ಕೆಫ್ರೀ_ಎಸ್‌ಕೆಬಿ_ಎನಿ. ಹಾರ್ಡ್ ಇಂಟರಪ್ಟ್ ಒಳಗಿದ್ದರೆ ಅಥವಾ ಇಂಟರಪ್ಟ್ ಆಫ್ ಇದ್ದರೆ ಅದು ತಕ್ಷಣ ಫ್ರೀ ಮಾಡಲ್ಲ. ಆ ಸಿಪಿಯುನ ಕಂಪ್ಲೀಷನ್ ಕ್ಯೂಗೆ ಸೇರಿಸಿ, ಟ್ರಾನ್ಸ್‌ಮಿಟ್ ಸಾಫ್ಟ್‌ಐಆರ್‌ಕ್ಯೂ (ಇಂಟರಪ್ಟ್ ಮುಗಿದ ಮೇಲೆ ಓಡುವ ಕರ್ನಲ್ ಕೆಲಸ) ಎಬ್ಬಿಸಿ ಸುಮ್ಮನಾಗುತ್ತದೆ. ನಿಜವಾದ ಫ್ರೀ ಆಮೇಲೆ. ಬಡಿಸುವ ಗಡಿಬಿಡಿಯಲ್ಲಿ ಎಂಜಲೆಲೆಯನ್ನು ಬುಟ್ಟಿಗೆ ಹಾಕಿ, ಪಂಕ್ತಿ ಎದ್ದ ಮೇಲೆ ಹಿತ್ತಿಲಿಗೆ ಒಯ್ಯುತ್ತೇವಲ್ವಾ, ಹಾಗೆ.

ಆದರೆ ನಿಮ್ಮ ಕೇಸಿಗೆ ನಾನಾಗಿದ್ದರೆ ಅದನ್ನು ಹಾಕುತ್ತಿರಲಿಲ್ಲ. ಲಾಕ್ ಒಳಗೆ ಎಸ್‌ಕೆಬಿ_ಕ್ಯೂ_ಸ್ಪ್ಲೈಸ್_ಇನಿಟ್‌ನಿಂದ ಇಡೀ ಕ್ಯೂವನ್ನು ಒಂದು ಲೋಕಲ್ ಪಟ್ಟಿಗೆ ಎತ್ತಿಕೊಳ್ಳಿ. ಲಾಕ್ ಬಿಡಿ. ಹೊರಗೆ ಬಂದು ನಿಧಾನಕ್ಕೆ ಪರ್ಜ್ ಮಾಡಿ, ಅಂದರೆ ಎಲ್ಲವನ್ನೂ ಫ್ರೀ ಮಾಡಿ. ಲಾಕ್ ಹಿಡಿಯುವ ಹೊತ್ತೂ ಕಮ್ಮಿಯಾಗುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಕೆಫ್ರೀ_ಎಸ್‌ಕೆಬಿ ಅಂದರೆ 'ಪ್ಯಾಕೆಟ್ ಬಿದ್ದುಹೋಯ್ತು', ಕನ್ಸ್ಯೂಮ್_ಎಸ್‌ಕೆಬಿ ಅಂದರೆ 'ಕೆಲಸ ಮುಗೀತು'. ಡ್ರಾಪ್ ಹುಡುಕುವ ಟೂಲ್‌ಗಳು ಮೊದಲನೆಯದನ್ನೇ ಎಣಿಸುತ್ತವೆ. ಸರಿಯಾಗಿ ಕಳಿಸಿದ ಪ್ಯಾಕೆಟ್‌ಗೂ ಅದನ್ನೇ ಕರೆದರೆ, ಡೀಬಗ್ ಮಾಡುವವರು ಇಲ್ಲದ ಡ್ರಾಪ್ ಹಿಂದೆ ಅಲೆಯುತ್ತಾರೆ. ತಮಾಷೆ ಅಂದರೆ, ಬರೀ ಡೆವ್_ಕೆಫ್ರೀ_ಎಸ್‌ಕೆಬಿ ಅನ್ನೋದು ಕನ್ಸ್ಯೂಮ್‌ನ ಇನ್ನೊಂದು ಹೆಸರು! ಇಟ್ಟವರಿಗೆ ನಮಸ್ಕಾರ.

ನಾನು ಪೆಟ್ಟು ತಿಂದದ್ದು ಬೇರೆ ಕಡೆ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಎರಡು ಕೋರ್‌ನ ಬೋರ್ಡ್, ಎರಡು ಮೂರು ದಿನಕ್ಕೊಮ್ಮೆ ಕ್ರ್ಯಾಶ್. ಹಳೇ ಒಂದು ಕೋರ್‌ನ ಬೋರ್ಡಲ್ಲಿ ಅದೇ ಡ್ರೈವರ್ ತಿಂಗಳುಗಟ್ಟಲೆ ಓಡಿತ್ತು. ವಾರಗಟ್ಟಲೆ ಪವರ್ ಸಪ್ಲೈಯನ್ನು ಬೈದೆವು. ಕೊನೆಗೆ ಕೆಎಎಸ್‌ಎಎನ್ (ಕರ್ನಲ್‌ನ ಮೆಮೊರಿ ತಪ್ಪು ಹಿಡಿಯುವ ಟೂಲ್) ಹಾಕಿ ಕರ್ನಲ್ ಬಿಲ್ಡ್ ಮಾಡಿ, ಟ್ರಾಫಿಕ್ ಬಿಟ್ಟು ಕಾಫಿಗೆ ಇಳಿದೆ. ವಾಪಸ್ ಬರುವಷ್ಟರಲ್ಲಿ ಸ್ಕ್ರೀನ್ ಮೇಲೆ ಯೂಸ್-ಆಫ್ಟರ್-ಫ್ರೀ, ಅಂದರೆ ಫ್ರೀ ಮಾಡಿದ ಮೆಮೊರಿಯನ್ನು ಮತ್ತೆ ಮುಟ್ಟಿದ ತಪ್ಪು. ತಪ್ಪು ಒಂದೇ ಸಾಲು: ಡಿಸ್ಕ್ರಿಪ್ಟರನ್ನು (ಪ್ಯಾಕೆಟ್ ಎಲ್ಲಿದೆ ಅಂತ ಹೇಳುವ ಚೀಟಿ) ಹಾರ್ಡ್‌ವೇರ್‌ಗೆ ಕೊಟ್ಟ ಮೇಲೆ, ಲೆಕ್ಕಕ್ಕೆ ಅಂತ ಎಸ್‌ಕೆಬಿಯ ಲೆನ್ (ಉದ್ದ) ಓದುತ್ತಿದ್ದೆವು. ಅಷ್ಟರಲ್ಲಿ ಇನ್ನೊಂದು ಕೋರ್ ಕಂಪ್ಲೀಷನ್ (ಕಳಿಸಿಯಾದ ಮೇಲಿನ ಕೆಲಸ) ಮುಗಿಸಿ ಅದನ್ನು ಫ್ರೀ ಮಾಡಿರುತ್ತಿತ್ತು. ಲೆನ್ ಓದುವ ಸಾಲನ್ನು ಮೇಲಕ್ಕೆ ಹಾಕಿದೆ, ಮುಗೀತು.

ನಿಮ್ಮ ಟ್ರಾನ್ಸ್‌ಮಿಟ್ ಫಂಕ್ಷನ್ನೂ ಒಮ್ಮೆ ನೋಡಿಕೊಳ್ಳಿ. ನೆಟ್‌ಡೆವ್_ಟಿಎಕ್ಸ್_ಬ್ಯುಸಿ ಅಂತ ವಾಪಸ್ ಕೊಡುವ ದಾರಿಯಲ್ಲಿ ಎಲ್ಲಾದರೂ ಫ್ರೀ ಇದ್ದರೆ ಕಿತ್ತುಹಾಕಿ. ಬ್ಯುಸಿ ಅಂದ ಪ್ಯಾಕೆಟ್ ಇನ್ನೂ ಕರ್ನಲ್‌ನ ನೆಟ್‌ವರ್ಕ್ ಸ್ಟ್ಯಾಕ್‌ನದ್ದೇ, ಅದು ಮತ್ತೆ ಕಳಿಸಲು ಬರುತ್ತದೆ.